ಬಲಿಪೀಠದ ಮುಂದಿನ ಕುಂಬಳಕಾಯಿ

ಮಾಸ್ತಿಕಟ್ಟೆ

ಮುನಿಸಿನ ಮಹಾರಾಜನಾದ ತಮ್ಮ ಲಾದ್ರುವಿಗೆ,

ಸೋದರನಿಗೆ ನಿನ್ನ ಮೇಲೆ ಮುನಿಸಿದ್ದರೆ ಕಾಣಿಕೆಯನ್ನು ಬಲಿಪೀಠದ ಮುಂದೆಯೇ ಬಿಟ್ಟು, ಮೊದಲು ಹೋಗಿ ರಾಜಿಯಾಗು ಎಂದು ಬೈಬಲ್ ಹೇಳುತ್ತದೆ. ತೆನೆಹಬ್ಬದಂದು ಅಮ್ಮನ ಬಳ್ಳಿಯ ಕುಂಬಳಕಾಯಿಯನ್ನು ಹಾಗೇ ಬಿಟ್ಟು ತೀರ್ಥಹಳ್ಳಿ ಬಸ್ಸು ಹತ್ತಿದೆ. ನಿನ್ನ ಮನೆ ಬಾಗಿಲು ತಟ್ಟಿದರೆ ನೀನು ಕಿಟಕಿಯಲ್ಲಿ ಇಣುಕಿ ಚಿಲಕ ಹಾಕಿದೆ.

ಅಮ್ಮ ತೀರಿಕೊಂಡ ದಿನ ಇಲ್ಲಿ ನೆಟ್‌ವರ್ಕ್ ಇರಲಿಲ್ಲ ಮಾರಾಯ. ಅವಳಿಗೆ ಮಣ್ಣು ಕೊಡುವುದನ್ನು ನಿನಗೆ ಬೇಕೆಂದೇ ತಪ್ಪಿಸಿದ್ದಲ್ಲ.

ಕ್ರಿಸ್‌ಮಸ್ ಬಂತು. “ಜುಲಿಯಾನಮ್ಮ, ಕುಂಬಳ ಕೊಳೀತಿದೆ, ಗೋದಲಿ ಎಲ್ಲಿ ಕಟ್ಟೋದು?” ಅಂದರು ಫಾದರ್.

“ತಮ್ಮ ಬಾಗ್ಲು ತೆಗ್ದಿಲ್ಲ ಫಾದರ್.”

“ಬಾಲಯೇಸು ಅಲ್ಲೀವರೆಗೆ ಕಾಯಲ್ಲ ಕಣಮ್ಮ!”

ಹೊತ್ತುಕೊಂಡು ಬಂದೆ. ಕಾಣಿಕೆ ಸಲ್ಲಲೇ ಇಲ್ಲ.

ಈ ಕವರನ್ನೂ ನೀನು ಒಡೆಯದೆ ತಿಪ್ಪೆಗೆ ಎಸೆಯುತ್ತೀ, ಗೊತ್ತು. ಅದಕ್ಕೇ ಒಳಗೆ ಆ ಕುಂಬಳದ ಬೀಜ ಇಟ್ಟಿದ್ದೇನೆ.

ಚಿಲಕದ ಹೊರಗಿನ ನಿನ್ನ ಅಕ್ಕ,
ಜುಲಿಯಾನಾ