ಲೊರೇನ್ ಸಹಿ ನಡೆಯದ ವಾರ

ಅಕ್ಟೋಬರ್ 3, ಶುಕ್ರವಾರ

ಮಗ ಆನ್ಸನ್‌ಗೆ ಬೆಳಗಿನ ಡೋಸ್ ಆಯಿತು. ಒಂದಿಷ್ಟು ಉಗುಳಿದ. ಇನ್ನೊಮ್ಮೆ ಕೊಡಲೇ ಎಂದು ಲೊರೇನ್‌ಗೆ ಫೋನ್ — ಮತ್ತೆ. ಬೇಸರಿಸುವುದಿಲ್ಲ, ಪುಣ್ಯಾತ್ಗಿತ್ತಿ. "ಸಂಜೆ ಬಾರೇ, ಕೇಕ್ ಇದೆ," ಅಂದಳು.

ಡಾಕ್ಟರ್ ಗ್ರೀವ್ ಇಂದು ನಿವೃತ್ತರಾದರು. ಕ್ಲಿನಿಕ್ ಅವರದು, ಆದರೆ ಮಗುವಿನ ಫಿಟ್ಸ್ ನೋಡಿದ್ದು, ಔಷಧಿ ಬರೆದದ್ದು ಎಲ್ಲ ಅವರ ಕೈಕೆಳಗಿನ ಫಿಸಿಶಿಯನ್ ಅಸಿಸ್ಟೆಂಟ್ ಲೊರೇನ್. ಸಂಜೆ ಊರೆಲ್ಲ ಸೇರಿತ್ತು. ಔಷಧಿ ಅಂಗಡಿಯ ಆಮ್ಡಾಲ್ ಎರಡೆರಡು ಸಲ ಕೇಕ್ ಹಾಕಿಸಿಕೊಂಡರು.

ಅಕ್ಟೋಬರ್ 6, ಸೋಮವಾರ

ಬೆಳಗ್ಗೆ ಲೊರೇನ್ ಬರೆದುಕೊಟ್ಟ ಔಷಧಿ ಚೀಟಿಯನ್ನು ಆಮ್ಡಾಲ್ ವಾಪಸ್ ಕೊಟ್ಟರು. "ಇದು ನಡೆಯಲ್ಲಮ್ಮ."

"ಲೊರೇನ್ ಸಹಿ ಇದೆಯಲ್ಲ?"

"ಅವಳು ಬರೀಬೇಕಂದ್ರೆ ಮೇಲೊಬ್ಬ ಡಾಕ್ಟರ್ ಇರ್ಬೇಕು. ಗ್ರೀವ್ ಹೋದ್ರು. ಹೊಸ ಡಾಕ್ಟರ್ ಇನ್ನೂ ಬಂದಿಲ್ಲ, ಅವಳ ಜೊತೆ ಒಪ್ಪಂದಕ್ಕೆ ಸಹಿನೂ ಹಾಕಿಲ್ಲ."

"ನೀವೂ ಅಲ್ಲೇ ಇದ್ರಲ್ಲ! ಕೇಕ್ ತಿನ್ನುವಾಗ ಹೊಳೀಲಿಲ್ವಾ?"

ಆಮ್ಡಾಲ್ ಮುಖ ಕೆಂಪಾಯಿತು. "ಯಾರಿಗೂ ಹೊಳೀಲಿಲ್ಲ."

ಬಾಟಲಿಯಲ್ಲಿರುವುದು ನಾಳೆ ಬೆಳಗಿನ ತನಕ. ಥಟ್ಟನೆ ನಿಲ್ಲಿಸುವ ಔಷಧಿಯಲ್ಲ ಇದು — ನಿಲ್ಲಿಸಿದರೆ ಫಿಟ್ಸ್ ಮರಳುತ್ತದೆ. ಆಸ್ಪತ್ರೆ ಬೆಟ್ಟದಾಚೆ. ಕಾರು ನನ್ನ ಗಂಡ ವೇಡ್ ಹತ್ತಿರ, ವೇಡ್ ದೂರದ ತೈಲಬಾವಿಯ ಕೆಲಸದಲ್ಲಿ…

ಮಧ್ಯಾಹ್ನ

ಲೊರೇನ್ ಬಂದಳು. ನಗಲಿಲ್ಲ.

"ಚೀಟಿಗೆ ಶುಕ್ರವಾರದ ತಾರೀಖು ಹಾಕಿಬಿಡು," ಅಂದೆ. ಬಾಯಿಂದ ಬಂದೇಬಿಟ್ಟಿತು.

"ಹಾಕಲ್ಲ ಕಣೇ. ಸಿಕ್ಕಿಬಿದ್ರೆ ನಾಳೆಯಿಂದ ಈ ಊರಿಗೆ ಬರೆದುಕೊಡೋರೇ ಇರಲ್ಲ."

ಸರಿಯಾದ ಮಾತು. ಆದರೂ ಅವಳ ಮೇಲೆ ಸಿಟ್ಟು ಬಂತು.

"ಗ್ರೀವ್ ಮುದುಕ ಕೆಲಸ ಬಿಟ್ಟಿದ್ದಾನೆ, ಡಾಕ್ಟರ್ ಲೈಸೆನ್ಸ್ ಬಿಟ್ಟಿಲ್ಲ. ಸರೋವರದಲ್ಲಿ ಮೀನು ಹಿಡೀತಿರ್ತಾನೆ, ಫೋನ್ ಎತ್ತಲ್ಲ. ಹೋಗಿ ಎಳ್ಕೊಂಡು ಬರ್ತೀನಿ," ಅಂದಳು.

ಅಕ್ಟೋಬರ್ 7, ಮಂಗಳವಾರ, ಬೆಳಗ್ಗೆ

ರಾತ್ರಿ ಕಣ್ಣು ಮುಚ್ಚಲಿಲ್ಲ. ಕೊನೆಯ ಡೋಸ್ ಕೊಟ್ಟೆ. ಬಾಟಲಿಗೆ ಹನಿ ನೀರು ಹಾಕಿ ಕುಲುಕಿ, ಅದನ್ನೂ ಕೊಟ್ಟೆ. ಲೊರೇನ್ ಸುದ್ದಿಯಿಲ್ಲ.

ಮಧ್ಯಾಹ್ನ

ಬಾಗಿಲಲ್ಲಿ ಗ್ರೀವ್! ತೊಡೆವರೆಗೆ ರಬ್ಬರ್ ಬೂಟು, ಮೀನಿನ ವಾಸನೆ. ಹಿಂದೆ ಲೊರೇನ್.

"ಎಲ್ಲಮ್ಮ ಪೇಷಂಟು? ಇವಳು ನನ್ನ ದೋಣಿನೇ ಮುಳುಗಿಸ್ತಿದ್ಲು."

ಆನ್ಸನ್‌ನ ಕಣ್ಣು, ಎದೆ, ಕೈಕಾಲು, ಎಲ್ಲ ನೋಡಿದರು. ಚೀಟಿ ಪುಸ್ತಕ ತೆಗೆದರು — ನೇರ ಲೊರೇನ್ ಮುಂದೆ ಸರಿಸಿದರು! ಇಷ್ಟು ವರ್ಷದ ಅಭ್ಯಾಸ.

ಅವಳು ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡಳು. "ನೀವೇ ಬರೀಬೇಕು, ಡಾಕ್ಟ್ರೇ."

"ಹೌದಲ್ವಾ…" ಅವರು ಬಗ್ಗಿ ಬರೆದರು. ಅವಳ ಕಣ್ಣು ಅವರ ಪೆನ್ನಿನ ತುದಿ ಬಿಟ್ಟು ಕದಲಲಿಲ್ಲ.

ಸಂಜೆ

ಆಮ್ಡಾಲ್ ತಾವೇ ಬಂದು ಬಾಟಲಿ ಕೊಟ್ಟು ಹೋದರು. ಹೊಸ ಡಾಕ್ಟರ್ ಬಂದು ಸಹಿ ಹಾಕುವುದು ಗುರುವಾರವಂತೆ. ಅಲ್ಲಿಯವರೆಗೆ ಉಳಿದವರ ಗತಿ… ಲೊರೇನ್ ಮನೆಮನೆಗೆ ಫೋನ್ ಮಾಡುತ್ತಿದ್ದಾಳೆ, ಯಾರ ಔಷಧಿ ಯಾವಾಗ ಮುಗಿಯುತ್ತದೆ ಎಂದು. ಅವಳಿಗೆ ಒಂದು ಮಾತು ಹೇಳಬೇಕಿತ್ತು, ನಿನ್ನೆ ನಾನು—

ಆನ್ಸನ್ ಎದ್ದ. ಔಷಧಿ ಕುಡಿಸುವ ಸಿರಿಂಜ್ ಎಲ್ಲಿ