ಒಮ್ಮೆ ಎರೆದ ನೀರು

ಪುನ್ನೈತುರೈ,
12 ಮಾರ್ಚ್ 2003, ಬುಧವಾರ

ಪ್ರೀತಿಯ ಮೊಮ್ಮಗ ಕಸ್ಪಾರನಿಗೆ, ಅಜ್ಜಿ ಮಿಕ್ಕೇಲಮ್ಮಾಳ್ ನಿನ್ನ ಹಣೆಯ ಮೇಲೆ ಇಲ್ಲಿಂದಲೇ ಶಿಲುಬೆ ಗುರುತು ಹಾಕಿ ಬರೆಯುವುದು.

ಹೇಗಿದ್ದೀಯ? ಕಾಮಾಲೆ ಪೂರ್ತಿ ಇಳಿಯಿತೇ? ಬೆಳಗಿನ ಬೆಳಕಿನಲ್ಲಿ ಕನ್ನಡಿ ಹಿಡಿದು ಕಣ್ಣಿನ ಬಿಳಿ ಬಿಳಿಯಾಗಿಯೇ ಇದೆಯೇ ಎಂದು ನೋಡಿಕೊ. ಎಣ್ಣೆ ಪದಾರ್ಥ ಇನ್ನೊಂದು ತಿಂಗಳು ಮುಟ್ಟಬೇಡ. ನಿಮ್ಮ ಪಂಪಿನ ಕಾರ್ಖಾನೆಯ ಎದುರಿನ ಪರೋಟಾ ಅಂಗಡಿಯ ಕಡೆ ತಲೆ ಹಾಕಿಯೂ ಮಲಗಬೇಡ. ನಿನ್ನ ಅಮ್ಮ ರೆಜೀನಾಳಿಗೆ ಮಂಡಿ ನೋವು ಬಿಟ್ಟರೆ ಬೇರೇನಿಲ್ಲ. ನನಗೆ ಎಪ್ಪತ್ತೊಂದು ತುಂಬಿತು, ಕಣ್ಣು ಮಂಜಾಗಿದೆ, ಕೈ ನಡುಗುತ್ತದೆ. ನಾಲಿಗೆ ಮಾತ್ರ ಮೊದಲಿನಂತೆಯೇ ಇದೆ, ಅದು ನಿನಗೆ ಈಗಲೇ ಗೊತ್ತಾಗುತ್ತದೆ.

ನಿನ್ನ ಕಾಗದ ಶನಿವಾರ ಬಂತು. ತಲೆಯ ಮೇಲೆ ಶಿಲುಬೆ ಗುರುತಿಲ್ಲದ ಕಾಗದ ಈ ಮನೆಗೆ ಬಂದದ್ದು ಇದೇ ಮೊದಲು. ಕರೆಂಟ್ ಆಫೀಸಿನವರದ್ದೇನೋ ಎಂದುಕೊಂಡು ಬಿಡಿಸಿದೆ. "ಅಜ್ಜಿ, ನಾನು ಸರಿಯಾದ ದಾರಿ ಆರಿಸಿಕೊಂಡೆ" ಎಂದು ಮೊದಲ ಸಾಲಿನಲ್ಲೇ ಬರೆದಿದ್ದೀಯ. ಹಾಗಾದರೆ ನಾವು ನಿನ್ನನ್ನು ನಡೆಸಿದ್ದು ಯಾವ ದಾರಿಯಲ್ಲಪ್ಪ? ಐದು ವರ್ಷದವನಿದ್ದಾಗ ಬೆಳಗಿನ ಪೂಜೆಗೆ ನಿನ್ನನ್ನು ಸೊಂಟದ ಮೇಲೆ ಹೊತ್ತುಕೊಂಡು ಮರಳಿನಲ್ಲಿ ಕಾಲೆಳೆಯುತ್ತಾ ಹೋದೆನಲ್ಲ, ಅದೇನು ಸೈತಾನನ ಮನೆಗೆ ಹೋಗುವ ದಾರಿಯೇ? ಈಸ್ಟರ್ ದಿನ ಭವಾನಿ ನದಿಯಲ್ಲಿ ಮುಳುಗಿ ಜ್ಞಾನಸ್ನಾನ ಪಡೆಯುತ್ತೀಯಂತೆ. ಅದಕ್ಕೆ ಮೊದಲು ದಡದ ಮೇಲೆ ನಿಂತು, ಕೂಸಾಗಿದ್ದಾಗ ನನಗೆ ಆದದ್ದು ಜ್ಞಾನಸ್ನಾನವೇ ಅಲ್ಲ ಎಂದು ಎಲ್ಲರ ಮುಂದೆ ಸಾಕ್ಷಿ ಹೇಳಬೇಕಂತೆ. ನಾನು ಬಂದು ಮುಂದಿನ ಸಾಲಿನಲ್ಲಿ ಕೂತು ಅದನ್ನು ಕೇಳಬೇಕಂತೆ. ಬಸ್ಸಿನ ಹೊತ್ತನ್ನೂ ಬರೆದಿದ್ದೀಯ, ಬಹಳ ಉಪಕಾರವಾಯಿತು.

ಅದೂ ಹೋಗಲಿ. ನಿಮ್ಮ ಸಭೆಯ ಹಿರಿಯರು, ಆ ಸಹೋದರ ಎಬನೇಜರ್, ಪ್ರಸಂಗದಲ್ಲಿ ಹೇಳಿದ ಮಾತನ್ನು ನೀನು ನಗುತ್ತಾ ನನಗೆ ಬರೆದಿದ್ದೀಯಲ್ಲ: "ಕೂಸಿನ ತಲೆ ಮೇಲೆ ನೀರು ಹಾಕಿದ್ರೆ ನೆಗಡಿ ಬರುತ್ತೆ, ರಕ್ಷಣೆ ಬರಲ್ಲ." ಎಲ್ಲರೂ ನಕ್ಕರಂತೆ. ನೀನೂ ನಕ್ಕೆಯಾ? ಅದನ್ನು ಓದಿ ನನ್ನ ಮೈ ಉರಿದುಹೋಯಿತು. ಮೂವತ್ತನಾಲ್ಕು ವರ್ಷ ಈ ಕರಾವಳಿಯಲ್ಲಿ ಹೆರಿಗೆ ಮಾಡಿಸಿದವಳು ನಾನು. ಉಳಿಯುವುದಿಲ್ಲ ಎಂದು ಕಂಡ ಕೂಸುಗಳ ತಲೆಗೆ ಈ ಕೈಯಿಂದಲೇ ನೀರೆರೆದಿದ್ದೇನೆ. ಫಾದರ್ ಬರುವಷ್ಟು ಹೊತ್ತು ಇಲ್ಲದಿದ್ದರೆ ಯಾರು ಬೇಕಾದರೂ ಎರೆಯಬಹುದು ಎಂದು ಆಸ್ಪತ್ರೆಯ ಸಿಸ್ಟರುಗಳು ನಮಗೆ ಕಲಿಸಿದ್ದರು. ಬರೀ ಒದ್ದೆ ಮಾಡಿದರೆ ಸಾಲದು, ನೀರು ಹರಿಯಬೇಕು. ಹೆಸರು ಹಿಡಿದು, ಪಿತನ, ಸುತನ, ಪವಿತ್ರಾತ್ಮನ ನಾಮದಲ್ಲಿ ಎನ್ನಬೇಕು. ಅವುಗಳಲ್ಲಿ ಒಂದು ಕೂಸಿಗೂ ನೆಗಡಿ ಬರಲಿಲ್ಲ ಕಣೋ. ನೆಗಡಿ ಬರುವಷ್ಟು ಹೊತ್ತು ಅವು ಬದುಕಲಿಲ್ಲ.

ನಿನ್ನ ಅಕ್ಕನನ್ನು ಮರೆತೆಯಾ? ನಿನಗಿಂತ ಹತ್ತು ನಿಮಿಷ ಮೊದಲು ಬಂದವಳು. ಐಪ್ಪಸಿ ತಿಂಗಳ ಬಿರುಗಾಳಿ, ರಸ್ತೆಯ ತುಂಬ ನೀರು, ನಿಮ್ಮಪ್ಪ ಕಡಲಿನಲ್ಲಿ, ಮನೆಯಲ್ಲಿ ನಾನೊಬ್ಬಳೇ. ನೀಲಿಗಟ್ಟಿದ ಆ ಹುಡುಗಿಗೆ ಲೋಟದ ನೀರೆರೆದು ಕಾಣಿಕ್ಕೈ ಮೇರಿ ಎಂದು ಹೆಸರಿಟ್ಟೆ. ಅವಳು ಮಧ್ಯಾಹ್ನದವರೆಗೂ ಇರಲಿಲ್ಲ. ಆಗಿನ ಫಾದರ್ ಸೆಲ್ವರಾಯರ್ ಪುಸ್ತಕದಲ್ಲಿ ತಮ್ಮ ಕೈಯಾರೆ ಬರೆದಿದ್ದಾರೆ: ಎರಡು ಶಿಶುಗಳಿಗೂ ಸೂಲಗಿತ್ತಿಯ ಕೈಯಿಂದ ಜ್ಞಾನಸ್ನಾನವಾಗಿದೆ ಎಂದು. ಅದಕ್ಕೇ ಅವಳು ಸಮಾಧಿ ತೋಟದ ಗೋಡೆಯ ಒಳಗಡೆ ಮಲಗಿದ್ದಾಳೆ. ಜ್ಞಾನಸ್ನಾನವಾಗದ ಕೂಸುಗಳನ್ನು ಆ ಕಾಲದಲ್ಲಿ ನಮ್ಮೂರಿನಲ್ಲಿ ಗೋಡೆಯ ಆಚೆ ತಾಳೆಮರಗಳ ಬುಡದಲ್ಲಿ ಹೂಳುತ್ತಿದ್ದರು, ಪ್ರಾರ್ಥನೆಯೂ ಇಲ್ಲ, ಗಂಟೆಯೂ ಇಲ್ಲ. ನಲವತ್ತನೆಯ ದಿನ ನಿನ್ನನ್ನು ದೇವಾಲಯಕ್ಕೆ ಎತ್ತಿಕೊಂಡು ಹೋದಾಗ ಫಾದರ್ ಎಣ್ಣೆ ಹಚ್ಚಿದರು, ಬಿಳಿ ಬಟ್ಟೆ ಹೊದಿಸಿದರು, ಮೇಣದ ಬತ್ತಿ ಕೊಟ್ಟರು. ನೀರು ಮಾತ್ರ ಎರೆಯಲಿಲ್ಲ. ಒಮ್ಮೆ ಎರೆದದ್ದನ್ನು ಮತ್ತೆ ಎರೆಯಬಾರದು, ಅದು ದೇವರಿಗೆ ಕಿವಿ ಕೇಳಿಸುವುದಿಲ್ಲ ಎಂದಂತೆ. ಈಗ ನೀನು ದಡದಲ್ಲಿ ನಿಂತು ಸೂಲಗಿತ್ತಿಯ ನೀರು ಸುಳ್ಳು ಎಂದರೆ ನಿನ್ನೊಬ್ಬನದ್ದೇ ಸುಳ್ಳಾಗುತ್ತದೆಯೇ? ನಿನಗಾದರೆ ನದಿ ಇದೆ, ಎಬನೇಜರ್ ಇದ್ದಾರೆ. ಅವಳಿಗೆ ಇನ್ನೇನಿದೆ ಹೇಳು.

ನಮ್ಮ ಕಡೆ ಎಲ್ಲವೂ ಸರಿಯಿದೆ ಎಂದು ನಾನು ಹೇಳುತ್ತಿಲ್ಲ. ಹಬ್ಬದ ಬಾವುಟ ಯಾರ ಮನೆತನ ಹಿಡಿಯಬೇಕೆಂದು ಎರಡು ವರ್ಷದಿಂದ ಹೊಡೆದಾಡುತ್ತಿದ್ದಾರೆ, ಸಂತರಿಗೇ ನಾಚಿಕೆಯಾಗಬೇಕು. ಈಗಿನ ಫಾದರ್ ಅಮಲದಾಸರಿಗೆ ನಿನ್ನ ವಿಷಯ ಯಾರೋ ಊದಿದ್ದಾರೆ. ಸೋಮವಾರ ಕೊಡೆ ಹಿಡಿದುಕೊಂಡು ಮನೆಗೆ ಬಂದು, "ಆ ಕಡೆ ಹೋದವನಿಗೆ ನಮ್ಮ ತೋಟದಲ್ಲಿ ಜಾಗ ಇಲ್ಲಮ್ಮ, ಈಗಲೇ ಹೇಳಿಬಿಡಿ" ಎಂದರು. ನನಗೆ ರೇಗಿತು. "ಇಪ್ಪತ್ತೆರಡು ವರ್ಷದ ಹುಡುಗನಿಗೆ ಗುಂಡಿ ಅಳೆಯೋಕೆ ಬಂದ್ರಾ ಸಾಮಿ? ಅವನು ಕಾಮಾಲೆಯಲ್ಲಿ ಮಲಗಿದ್ದಾಗ ನಮ್ಮವರು ಒಬ್ಬರಾದರೂ ಹೋಗಿ ನೋಡಿದ್ರಾ?" ಎಂದೆ. ಒಣಶುಂಠಿಯ ಕಾಫಿ ಅರ್ಧ ಕುಡಿದು ಎದ್ದು ಹೋದರು. ಉಳಿದರ್ಧವನ್ನು ರೆಜೀನಾ ನನ್ನ ಮುಂದೆಯೇ ಅಂಗಳಕ್ಕೆ ಚೆಲ್ಲಿದಳು.

ನ್ಯಾಯವಾದದ್ದನ್ನು ನಾನು ಮುಚ್ಚಿಡುವವಳಲ್ಲ. ಆ ಸಭೆಯವರು ಇಪ್ಪತ್ತು ದಿನ ನಿನಗೆ ಗಂಜಿ ತಂದುಕೊಟ್ಟರು, ನಿನ್ನ ವಾಂತಿ ಬಳಿದರು, ನಿನ್ನ ಕೈಯಿಂದ ಬಾಟಲಿ ಬಿಡಿಸಿದರು. ನಿನ್ನ ಅಮ್ಮ ಅತ್ತರೂ ನಾನು ಕೈಯೆತ್ತಿ ಹೊಡೆದರೂ ಬಿಡದಿದ್ದದ್ದನ್ನು ಅವರು ಹಾಡು ಹೇಳಿ ಬಿಡಿಸಿದರು. ಅದಕ್ಕೆ ಅವರ ಕಾಲು ಮುಟ್ಟಿ ನಮಸ್ಕರಿಸುತ್ತೇನೆ. ಆ ಎಬನೇಜರ್ ಇಲ್ಲಿಗೆ ಬಂದರೆ ಮೊದಲು ಊಟ ಹಾಕಿ, ಆಮೇಲೆ ನೆಗಡಿಯ ಮಾತಿಗೆ ಲೆಕ್ಕ ಕೇಳುತ್ತೇನೆ. ಅವರ ಜೊತೆ ಪ್ರಾರ್ಥನೆ ಮಾಡು, ಹಾಡು, ಬೇಡ ಎನ್ನುವುದಿಲ್ಲ. ಆದರೆ ಹೊಸ ದಾರಿ ಹಿಡಿಯುವವನು ಹಳೆಯ ದಾರಿಗೆ ಮುಳ್ಳು ಹಾಕಿಯೇ ಹೋಗಬೇಕೆಂದು ಯಾವ ಸುವಾರ್ತೆಯಲ್ಲಿ ಬರೆದಿದೆ? ಸೊಂಟದ ಮೇಲೆ ಕೂತು ಬಂದವನಿಗೆ ಮರಳು ಸುಟ್ಟದ್ದು ಹೇಗೆ ಗೊತ್ತಾಗಬೇಕು. ಕೋಪ ಮಾಡಿಕೊಂಡರೆ ಮಾಡಿಕೊ, ಉತ್ತರವನ್ನಂತೂ ಬರೆ.

ರೆಜೀನಾ ಒಣ ನೆತ್ತಿಲಿ ಮೀನು ಕಳಿಸಬೇಕೆಂದಿದ್ದಳು, ಕಾಮಾಲೆಯವನಿಗೆ ಬೇಡವೆಂದು ನಾನೇ ತಡೆದೆ. ಎಲ್ಲಿದ್ದರೂ ಕಡಲಿನ ಮಾತೆ ನಿನ್ನ ಮೇಲೆ ಕಣ್ಣಿಟ್ಟಿರಲಿ. ನೀನು ಅವಳನ್ನು ಕರೆಯದಿದ್ದರೂ ಅವಳು ಮುನಿಸಿಕೊಳ್ಳುವವಳಲ್ಲ, ನನ್ನ ಹಾಗಲ್ಲ.

ಇಂತಿ ನಿನ್ನ ಅಜ್ಜಿ,
ಮಿಕ್ಕೇಲಮ್ಮಾಳ್ ಕೊರೇರಾ

ತಾ.ಕ. ಲಕೋಟೆಗೆ ಅಂಟು ಹಚ್ಚಿದ್ದೆ, ಮತ್ತೆ ಬಿಡಿಸಿದೆ. ರೆಜೀನಾ ನೀರಿಗೆ ಹೋಗಿದ್ದಾಳೆ, ಅವಳು ಬರುವುದರೊಳಗೆ ಬರೆಯಬೇಕು. ನಾನು ನೀರೆರೆದದ್ದು ಕಾಣಿಕ್ಕೈಗೆ ಮಾತ್ರ. ನೀನು ಊರು ಕೇಳುವಂತೆ ಅಳುತ್ತಾ ಬಂದೆ, ನಿನಗೇಕೆ ಅವಸರದ ನೀರು? ಫಾದರ್ ಸೆಲ್ವರಾಯರ್ ತೊಯ್ದುಕೊಂಡು ಓಡಿ ಬಂದು ಬಾಗಿಲಿನಿಂದಲೇ "ಎರಡಕ್ಕೂ ಆಯ್ತಾ?" ಎಂದರು. ಹೊಕ್ಕುಳ ಬಳ್ಳಿ ಕತ್ತರಿಸಿದ್ದನ್ನು ಕೇಳುತ್ತಿದ್ದಾರೆ ಎಂದುಕೊಂಡು ನಾನು "ಆಯ್ತು ಸಾಮಿ" ಎಂದೆ. ಸೂಲಗಿತ್ತಿಯ ತಲೆಯಲ್ಲಿ ಇನ್ನೇನಿರುತ್ತದೆ. ನಲವತ್ತನೆಯ ದಿನ ಅವರು ನೀರೆರೆಯದೆ ಮುಂದೆ ಹೋದಾಗಲೇ ನನಗೆ ತಿಳಿದದ್ದು. ಬಿಳಿ ಬಟ್ಟೆಯ ಸಮೇತ ನಿನ್ನನ್ನು ಎತ್ತಿಕೊಂಡು ಮನೆಗೆ ಬಂದುಬಿಟ್ಟೆ. ಒಂದು ಸುಳ್ಳು ಎಂದರೆ ಇನ್ನೊಂದೂ ಸುಳ್ಳು ಎನ್ನುತ್ತಾರೆ, ಗೋಡೆಯ ಒಳಗಿರುವವಳನ್ನು ಅಗೆದು ಆಚೆ ಹಾಕುತ್ತಾರೆ ಎಂದು ಹೆದರಿದೆ. ಇಪ್ಪತ್ತೆರಡು ವರ್ಷದಿಂದ ಪಾಪನಿವೇದನೆಯಲ್ಲೂ ಇದನ್ನು ಹೇಳಿಲ್ಲ. ನಿನಗೆ ಯಾವ ನೀರೂ ಆಗಿಲ್ಲ ಮಗಾ. ನದಿಗೆ ಇಳಿಯುತ್ತೀಯೋ, ಇಲ್ಲಿಗೆ ಬಂದು ತಲೆ ಬಗ್ಗಿಸುತ್ತೀಯೋ, ನೀನೇ ಆರಿಸಿಕೊ. ಇಲ್ಲಿಗೆ ಬರುವುದಾದರೆ ಫಾದರಿಗೆ ನಾನೇ ಹೇಳುತ್ತೇನೆ. ನಿನ್ನನ್ನು ಬೈಯುವ ಬಾಯಿ ನನಗಿಲ್ಲ. ದಡದಲ್ಲಿ ನಿಂತು ನನಗೆ ಜ್ಞಾನಸ್ನಾನವಾಗಿಲ್ಲ ಎನ್ನು, ಅದು ನಿಜ. ಆ ನೀರು ಸುಳ್ಳು ಎಂದು ಮಾತ್ರ ಅನ್ನಬೇಡ. ಅದು ನಿನ್ನ ಅಕ್ಕನದು.