ಸೋಲಲೆಂದು ನಿಂತವಳು

ಕಾಲಿಸೆಲೊ, ಮಧ್ಯ ಜಾವಾ
8 ಡಿಸೆಂಬರ್ 2019

ಪ್ರೀತಿಯ ಮಾಸ್ ಸುಕಾಮ್ದಿ,

ನೀವು ಫೋನ್ ಎತ್ತುವುದಿಲ್ಲ. ಅದಕ್ಕೇ ಈ ಕಾಗದವನ್ನು ಸೆಮಾರಾಂಗಿಗೆ, ನಿಮ್ಮ ಅಕ್ಕನ ವಿಳಾಸಕ್ಕೆ ಹಾಕುತ್ತಿದ್ದೇನೆ. ನೀವು ಮನೆ ಬಿಟ್ಟು ಇಂದಿಗೆ ಇಪ್ಪತ್ತೆರಡು ದಿನ.

ಊರಿನ ಮುಖಂಡರ ಚುನಾವಣೆಗೆ ಇಬ್ಬರಾದರೂ ಬೇಕು, ಎದುರು ನಿಲ್ಲುವವರಿಲ್ಲ ಎಂದು ಹೆಂಡತಿಯಾದ ನನ್ನನ್ನೇ ನಿಲ್ಲಿಸಿದವರು ನೀವು. "ಸುಮ್ನೆ ಕುರ್ಚಿ ಮೇಲೆ ಕೂತ್ಕೋ ವಾರ್ತಿನಿ, ಸೋಲೋದನ್ನೇನು ಕಲೀಬೇಕಾ?" ಎಂದು ನಕ್ಕಿರಿ. ಭತ್ತದ ತೆನೆಯ ಗುರುತು ನಿಮಗೆ, ಮರಗೆಣಸು ನನಗೆ. ವೇದಿಕೆಯ ಮೇಲೆ ಮದುಮಕ್ಕಳ ಹಾಗೆ ಅಕ್ಕಪಕ್ಕ ಕೂತೆವು. ಎಣಿಸುವವರು "ಗೆಣಸು... ಗೆಣಸು..." ಎಂದು ಕೂಗಿದಾಗ ಜನ ಮೊದಲು ನಕ್ಕರು. ಆಮೇಲೆ ಆ ನಗು ನಿಂತಿತು. ಅರವತ್ತೊಂದು ಮತಗಳಿಂದ ನಾನು ಗೆದ್ದೆ. ನನ್ನ ಕಡೆ ತಿರುಗದೆ ನೀವು ಮೆಟ್ಟಿಲಿಳಿದಿರಿ.

ನಿಮ್ಮ ತಾಯಿ ಊರಿಗೆಲ್ಲ ಹೇಳುತ್ತಿದ್ದಾರೆ: "ನನ್ನ ಮಗಂದು ಕಲಾಹ್ ಅಲ್ಲ ಕಣ್ರೇ, ಮೆಂಗಲಾಹ್." ಸೋತಿಲ್ಲ, ಬೇಕೆಂದೇ ಸೋತುಕೊಟ್ಟ ಎಂದು. ಮೊನ್ನೆ ಮನೆಗೇ ಬಂದರು. "ಈಗ ನಿನ್ನ ಸರದಿ ಕಣೇ. ರಾಜೀನಾಮೆ ಕೊಡು. ಹೆಂಗಸಾದವಳಿಗೆ ಸೋತುಕೊಡೋದು ಗೊತ್ತಿರ್ಬೇಕು." ನಾನು ಚಹಾ ಕೊಟ್ಟು ಕಳಿಸಿದೆ.

ಬಾವಿಯ ಬಳಿ ನಾನು ಹೋದರೆ ಮಾತು ನಿಲ್ಲುತ್ತದೆ. "ತಿನಿ, ಬಾರೇ" ಎನ್ನುತ್ತಿದ್ದ ಮುರ್ಸಿಯಾ ಈಗ "ಅಮ್ಮಾವ್ರೇ" ಎಂದು ಪಕ್ಕಕ್ಕೆ ಸರಿಯುತ್ತಾಳೆ. ಇಬ್ಬರಿಗೆಂದು ಹುರಿದ ಸೋಯಾ ಟೆಂಪೆ ಅರ್ಧಕ್ಕರ್ಧ ಉಳಿಯುತ್ತದೆ. ನಿಮ್ಮ ಲವಂಗದ ಸಿಗರೇಟಿನ ವಾಸನೆಗೆ ಬೈಯುತ್ತಿದ್ದವಳು ನಾನೇ. ನಿಮ್ಮ ಒಂದು ಅಂಗಿಯನ್ನು ಇನ್ನೂ ಒಗೆದಿಲ್ಲ.

ಆದರೂ ರಾಜೀನಾಮೆ ಕೊಡುವುದಿಲ್ಲ, ಮಾಸ್. ಹನ್ನೆರಡು ವರ್ಷ ಮುಖಂಡರಾಗಿದ್ದವರು ನೀವು. ಅರ್ಜಿ ಓದಿದವಳು, ಜಗಳ ಬಿಡಿಸಿದವಳು ನಾನು. ಗುರುವಾರ ಪ್ರಮಾಣವಚನ. ಬನ್ನಿ. ನೀವು ಬರದಿದ್ದರೂ ನಾನು ಹೋಗುತ್ತೇನೆ.

ನಿಮ್ಮವಳೇ ಆದ,
ವಾರ್ತಿನಿ

ಇನ್ನೊಂದು ಮಾತು: ಮತದಾನದ ಹಿಂದಿನ ವಾರ ನೀವು ಜಿಲ್ಲಾ ಕಚೇರಿಗೆ ಹೋಗಿದ್ದಿರಲ್ಲ, ಅವತ್ತು ಕೂಸುಗಳ ತೂಕ ನೋಡುವ ಕಡೆ ಹೋಗಿ ಒಬ್ಬೊಬ್ಬ ಹೆಂಗಸಿನ ಕೈ ಹಿಡಿದು ಕೇಳಿಕೊಂಡೆ: "ತಮಾಷೆಗಲ್ಲ ಕಣೇ, ನಿಜವಾಗ್ಲೂ ನಂಗೇ ಹಾಕು." ನಿಮಗೆ ಹೇಳಬೇಕಿತ್ತು. ಹೇಳಿದ್ದರೆ ನೀವು ಬೇಡ ಎನ್ನುತ್ತಿದ್ದಿರಿ. ನಾನೂ ಆಗಲಿ ಎಂದುಬಿಡುತ್ತಿದ್ದೆ.